ಮೀನಖಂಡದ ಚಾನಲ್ ಜೊತೆ ಎರಡು ಮಾತು

ಮುತ್ತಿನಕೊಪ್ಪದ ಹತ್ತಿರ ತುಂಗೆಯನ್ನೆತ್ತಿ ಭದ್ರೆಗೆ ಸುರಿಯುವ ಭದ್ರಾ ಮೇಲ್ದಂಡೆ ಕಾಮಗಾರಿ ನೋಡಲು ಹೊರಟವನಿಗೆ ತೋಟದ ದಾರಿಯಲ್ಲಿ ಮೀನಖಂಡ ಹಿಡಿಯಿತು. ಕೂತು ಉಜ್ಜುತ್ತಿದ್ದರೆ ಒಳಗಿಂದ ದನಿ: 'ಚಾನಲ್ ನೋಡೋಕೆ ಅಷ್ಟು ದೂರ ಎಂತಕ್ಕೆ ಮಾರಾಯ್ರೆ? ನಾನಿಲ್ವಾ?' ಸ್ನಾಯುವಿನ ಅಯಾನು ಚಾನಲ್ಲು!

ನಾನು: ನಿಮ್ಮಲ್ಲಿ ಎಷ್ಟು ಟಿಎಂಸಿ ಹರಿಯುತ್ತೆ?

ಚಾನಲ್: ನನ್ನದು ಉಪ್ಪಿನ ವ್ಯವಹಾರ, ಸೋಡಿಯಂ. ನರದ ತುದಿಯಿಂದ ಅಸಿಟೈಲ್‌ಕೋಲಿನ್ ಬಂದು ನನ್ನ ಎರಡು ಚಿಲಕ ಮುಟ್ಟಿದರೆ ತೂಬು ತೆರೀತೀನಿ. ಸೆಕೆಂಡಿನ ಸಾವಿರದಲ್ಲೊಂದು ಪಾಲಿನಲ್ಲಿ ಸಾವಿರಾರು ಅಯಾನು ಒಳಗೆ. ಆಗಲೇ ಸ್ನಾಯು ಅಲ್ಲಾಡೋದು. ಆದ್ರೆ ಹೆಸರು ಯಾರಿಗೆ? ಪಂಪಿಗೆ! ಮೂರು ಸೋಡಿಯಂ ಹೊರಗೆ, ಎರಡು ಪೊಟ್ಯಾಸಿಯಂ ಒಳಗೆ, ಏದುಸಿರು ಬಿಡ್ತಾ ಎತ್ತುತ್ತೆ. ಉಂಡ ಅನ್ನದಲ್ಲಿ ದೊಡ್ಡ ಪಾಲು ಅದಕ್ಕೇ. ಅದನ್ನು ಕಂಡುಹಿಡಿದ ವಿಜ್ಞಾನಿ ಸ್ಕೂಗೆ 1997ರಲ್ಲಿ ನೊಬೆಲ್ ಬೇರೆ.

ನಾನು: ನಿಮ್ಮ ವಂಶದ ಹೆಸರಲ್ಲೂ 1991ರಲ್ಲಿ, 2003ರಲ್ಲಿ ನೊಬೆಲ್ ಬಂತಲ್ಲ?

ಚಾನಲ್: (ಕೇಳಿಸದ ಹಾಗೆ) ಇಳಿಜಾರಿಗೆ ತೂಬು ಎತ್ತೋನಿಗೆ ಹಾರ ಹಾಕಿದ್ದು ಎಲ್ಲಾದರೂ ನೋಡಿದ್ದೀರಾ?

ನಾನು: ಪಂಪು ಅಂದಿರಲ್ಲ, ತುಂಗೆಯ 17.40 ಟಿಎಂಸಿ ಎತ್ತೋಕೆ ಕರೆಂಟ್ ಬಿಲ್ ಎಷ್ಟಾಗಬಹುದು? 2023ರ ಕೇಂದ್ರ ಬಜೆಟ್ಟಿನಲ್ಲಿ ಈ ಯೋಜನೆಗೆ ಇಟ್ಟ 5,300 ಕೋಟಿ...

ಚಾನಲ್: ಪಂಪಿನ ಸುದ್ದಿ ಎತ್ತಬೇಡಿ ಅಂದೆ.

ನಾನು: ಹೋಗಲಿ, ಕಾಯಿಲೆ? ಸಿಸ್ಟಿಕ್ ಫೈಬ್ರೋಸಿಸ್, ಹೃದಯದ ಲಯ ತಪ್ಪೋದು...

ಚಾನಲ್: ಮೊದಲನೇದು ಕ್ಲೋರೈಡ್ ದಾಯಾದಿಗಳ ಮನೆ ಕತೆ. ಹೃದಯದ್ದು ಹೃದಯದವರನ್ನ ಕೇಳಿ.

ನಾನು: ಸರಿ, ತೂಬಿಗೆ ಹೂಳು ತುಂಬಿದರೆ? ಭದ್ರಾ ಮೇಲ್ದಂಡೆಯಲ್ಲಿ ನಾಳೆ...

ಚಾನಲ್: ಹೂಳು ಬಿಡಿ. ನಾಗರಹಾವು ಗೊತ್ತಲ್ಲ? ಅದರ ವಿಷ ಬಂದು ನನ್ನ ಚಿಲಕದ ಮೇಲೆ ಕೂತುಬಿಡುತ್ತೆ. ಅಸಿಟೈಲ್‌ಕೋಲಿನ್ ಬಾಗಿಲು ಬಡೀತಾನೇ ಇರುತ್ತೆ, ತೆರೆಯೋಕಾಗಲ್ಲ. ಮೊದಲು ರೆಪ್ಪೆ ಜೋಲುತ್ತೆ. ಮಾತು ತೊದಲುತ್ತೆ. ಆಮೇಲೆ ಉಸಿರಿನ ಸ್ನಾಯು. ಎದೆ ಬಡೀತಾ ಇರುತ್ತೆ, ಸುತ್ತ ಅಳೋದು ಕೇಳಿಸ್ತಾ ಇರುತ್ತೆ, ಕೈ ಎತ್ತಿ ಹೇಳೋಕಾಗಲ್ಲ.

ನಾನು ಹಾಳಾಗಿರಲ್ಲ, ತಿಳೀತಾ? ಪ್ರತಿವಿಷ ಹಾಕಿ, ನಿಯೋಸ್ಟಿಗ್ಮಿನ್ ಕೊಟ್ಟು, ಅಲ್ಲೀತನಕ ಯಾರಾದರೂ ಚೀಲ ಒತ್ತಿ ಉಸಿರು ಊದಿಕೊಟ್ಟರೆ ಮತ್ತೆ ತೆರೀತೀನಿ. ಆದ್ರೆ ಅಡಿಕೆ ಹೆಕ್ಕೋ ಹೆಂಗಸು ದಾರಿಯಲ್ಲೇ ಸಾಯ್ತಾಳೆ, ಮಂತ್ರ ಹಾಕಿಸಿ, ಹಸಿರೌಷಧಿ ಕುಡಿಸಿ, ಜೀಪು ಹುಡುಕಿ. 2024ರಲ್ಲಿ ಹಾವು ಕಡಿತವನ್ನ ವರದಿ ಮಾಡಲೇಬೇಕು ಅಂತ ಸರ್ಕಾರ ಹೇಳಿತು. ಬರ್ಕೊಳ್ಳಿ, ಚೆನ್ನಾಗಿ ಬರ್ಕೊಳ್ಳಿ. ಒಂದು ಹೊಳೆಯನ್ನೇ ಗುಡ್ಡ ಹತ್ತಿಸೋ ಜನ ನೀವು, ಒಂದು ಉಸಿರನ್ನ ಶಿವಮೊಗ್ಗದ ಆಸ್ಪತ್ರೆ ತನಕ ಮುಟ್ಟಿಸೋಕಾಗಲ್ವಾ?

ನನ್ನ ಪೆನ್ನು ಓಡಲಿಲ್ಲ. ಸುಮ್ಮನಿರಲಾರದೆ ಕೇಳಿದೆ: ಆ ಉಸಿರು ಊದೋ ಚೀಲಕ್ಕೆ ಕರೆಂಟ್ ಬೇಕಾ?

ಚಾನಲ್: ಬೇಡ. ಒತ್ತೋಕೆ ಕೈ ಸಾಕು.

ಮೀನಖಂಡ ಸಡಿಲವಾಯಿತು. ಎದ್ದು, ಬಿದ್ದ ಸೋಗೆಯ ಮೇಲೆ ಕಾಲಿಡುವ ಮೊದಲು ಕೋಲಿನಿಂದ ಒಮ್ಮೆ ಬಡಿದು ನೋಡಿದೆ.