ಹೊಟ್ಟೆಗಿಲ್ಲದ ಗರಗಸದ ಹೇಳಿಕೆ

ದಕ್ಷಿಣ ಗೋವಾದ ಒಂದು ಪಂಚಾಯತ್ ಕಚೇರಿಯ ಹಿಂದಿನ ಕೋಣೆಯಲ್ಲಿ, ಬ್ಲೀಚಿಂಗ್ ಪುಡಿಯ ಚೀಲಗಳ ಪಕ್ಕ, ಮರ ಕೊಯ್ಯುವ ಮಷಿನ್ ಒಂದು ಕೂತಿದೆ. ಹಗ್ಗ ಎಳೆದರೆ ಚಾಲೂ ಆಗುತ್ತದೆ, ಆಕ್ಸಿಲರೇಟರ್ ಒತ್ತಿದೊಡನೆ ಸಾಯುತ್ತದೆ ಎಂಬುದು ಅದರ ಮೇಲಿನ ದೂರು. ಸಂದರ್ಶನ ಕನ್ನಡದಲ್ಲೇ ನಡೆಯಿತು. ಗೋವಾದಲ್ಲಿ ಮೈಬಗ್ಗಿಸಿ ದುಡಿಯುವ ಕಡೆಯಲ್ಲೆಲ್ಲ ವಿಜಯಪುರ, ಬಾಗಲಕೋಟೆಯ ಮಾತು ಕಿವಿಗೆ ಬೀಳುತ್ತಿರುವಾಗ ಮಷಿನ್ನಿಗೆ ಕನ್ನಡ ಬಂದದ್ದರಲ್ಲಿ ಸೋಜಿಗವಿಲ್ಲ.

ಶುರು ಮಾಡುತ್ತೀರಿ, ಮುಂದುವರಿಸುವುದಿಲ್ಲ. ಇದು ಸೋಮಾರಿತನವಲ್ಲವೇ?

ಆರೋಪದೊಳಗೇ ಉತ್ತರವಿದೆ, ಸಾಹೇಬರೇ. ಚಾಲೂ ಆಗುತ್ತೇನೆ ಅಂದರೆ ಪ್ಲಗ್ಗಿನಲ್ಲಿ ಕಿಡಿ ಇದೆ, ಸಿಲಿಂಡರಿನಲ್ಲಿ ಒತ್ತಡವೂ ಇದೆ. ಚೋಕ್ ಹಾಕಿರುವಷ್ಟು ಹೊತ್ತು ಬದುಕಿರುತ್ತೇನೆ, ತೆಗೆದೊಡನೆ ಹೋಗುತ್ತೇನೆ. ಇದನ್ನು ಮಾತ್ರ ಯಾರೂ ಗಮನಿಸುವುದಿಲ್ಲ. ಚೋಕ್ ಗಾಳಿಯ ದಾರಿ ಮುಚ್ಚಿ ಪೆಟ್ರೋಲನ್ನು ಹೆಚ್ಚಾಗಿ ಎಳೆಸುತ್ತದೆ. ಗಾಳಿ ಕಡಿಮೆ ಮಾಡಿದಾಗ ಚೇತರಿಸಿಕೊಳ್ಳುವವನಿಗೆ ಪೆಟ್ರೋಲ್ ಸಾಲುತ್ತಿಲ್ಲ ಎಂದೇ ಅರ್ಥ, ಇಲ್ಲವೇ ಎಲ್ಲೋ ಬಿರುಕಿನಿಂದ ಕಳ್ಳಗಾಳಿ ನುಗ್ಗುತ್ತಿದೆ. ಏರ್ ಫಿಲ್ಟರಿಗೆ ಮರದ ಪುಡಿ ಮೆತ್ತಿದ್ದರೆ ಲಕ್ಷಣ ತಿರುಗುಮುರುಗಾಗಿ, ಚೋಕ್ ಹಾಕಿದಾಗಲೇ ಉಸಿರು ಕಟ್ಟುತ್ತಿತ್ತು. ಟ್ಯಾಂಕಿನೊಳಗಿನ ಫಿಲ್ಟರ್ ಕಟ್ಟಿರಬಹುದು, ಪೈಪ್ ಬಿರಿದಿರಬಹುದು, ಕಾರ್ಬೊರೇಟರಿನ ಸಣ್ಣ ಜಾಲರಿಗೆ ಹಳೆ ಪೆಟ್ರೋಲಿನ ಅಂಟು ಹಿಡಿದಿರಬಹುದು. ನನ್ನನ್ನು ಅಡ್ಡ ಹಿಡಿದರೂ ತಲೆಕೆಳಗು ಹಿಡಿದರೂ ಓಡಬೇಕಾದ್ದರಿಂದ ಕಾರ್ಬೊರೇಟರಿನಲ್ಲಿ ಫ್ಲೋಟ್ ಇಟ್ಟಿಲ್ಲ. ತೆಳ್ಳನೆಯ ಪೊರೆಗಳ ಮಿಡಿತವೇ ಪೆಟ್ರೋಲನ್ನು ತಂದುಕೊಡಬೇಕು. ಅವು ಸೆಟೆದರೂ ನಾನು ಉಪವಾಸ.

ಅದೇ ಬಂಕಿನ ಪೆಟ್ರೋಲಿನಲ್ಲಿ ಕಾರ್ಯದರ್ಶಿಗಳ ಸ್ಕೂಟರ್ ಓಡುತ್ತಿದೆಯಲ್ಲ?

ಸ್ಕೂಟರ್ ವಾರವಾರ ಹೊಸ ಪೆಟ್ರೋಲ್ ಕುಡಿಯುತ್ತದೆ. ನನಗೆ ಕೊಟ್ಟದ್ದು ಹೋದ ಮಳೆಗಾಲದಲ್ಲಿ. ಪೆಟ್ರೋಲಿಗೆ ಶೇ 20ರಷ್ಟು ಎಥೆನಾಲ್ ಬೆರೆಸುವ ಗುರಿಯನ್ನು ಸರ್ಕಾರ 2030ರಿಂದ 2025ಕ್ಕೆ ಎಳೆದುಕೊಂಡಿತು. ನಮ್ಮಂಥವರ ಕೈಪಿಡಿಗಳಲ್ಲಿ ಹಲವು ಇನ್ನೂ ಶೇ 10ರಲ್ಲೇ ನಿಂತಿವೆ. ಎಥೆನಾಲ್ ಗಾಳಿಯಲ್ಲಿನ ತೇವವನ್ನು ಹೀರುತ್ತದೆ, ಗೋವಾದ ಮಳೆಗಾಲದಲ್ಲಿ ತೇವಕ್ಕೇನು ಬರ! ನೀರು ಮಿತಿಮೀರಿದಾಗ ಎಥೆನಾಲೂ ನೀರೂ ಒಟ್ಟಾಗಿ ತಳಕ್ಕಿಳಿಯುತ್ತವೆ, ಪೆಟ್ರೋಲಿಗೆ ಬೆರೆಸಿದ ಟೂಟಿ ಆಯಿಲ್ ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತದೆ. ನನ್ನ ಫಿಲ್ಟರ್ ತೂಗಿಬಿದ್ದಿರುವುದು ತಳದಲ್ಲಿ. ಎಥೆನಾಲ್ ಮೇಲೆ ನನಗೆ ಹಗೆಯಿಲ್ಲ. ನನ್ನ ಹಗ್ಗ ಎಳೆಯುವವನ ಊರಿನ ಕಬ್ಬೇ ಅದರಲ್ಲಿರಬಹುದು. ತಂದಿಟ್ಟು ಮರೆತವರ ಮೇಲೆ ನನ್ನ ತಕರಾರು.

ಪೆಟ್ರೋಲ್ ಹೆಚ್ಚುಕಡಿಮೆ ಮಾಡುವ ಸ್ಕ್ರೂ ತಿರುಗಿಸಿದ ಮೇಲೆ ಒಂದಿಷ್ಟು ಹೊತ್ತು ಓಡಿದಿರಂತೆ. ಅಂದರೆ ತಪ್ಪು ಕಾರ್ಬೊರೇಟರಿನದೇ ತಾನೆ?

ದಾರಿ ಕಟ್ಟಿದೆ ಎಂದು ಬಾಗಿಲು ಅಗಲ ಮಾಡಿದರು, ಅಷ್ಟೆ. ಮುಂದೆ ಯಾರಾದರೂ ಫಿಲ್ಟರ್ ಬದಲಿಸಿದರೆ ಅದೇ ಸ್ಕ್ರೂ ನನ್ನನ್ನು ಪೆಟ್ರೋಲಿನಲ್ಲಿ ಮುಳುಗಿಸುತ್ತದೆ. ಸದ್ದು ಜೋರಾಗಲೆಂದು ಬಿಗಿ ಮಾಡಿದರಂತೂ ಕೇಡು ಹೆಚ್ಚು: ನನಗೆ ಆಯಿಲ್ ಬರುವುದೂ ಪೆಟ್ರೋಲಿನ ಜೊತೆಯಲ್ಲೇ, ಪೆಟ್ರೋಲ್ ಕಡಿಮೆಯಾದರೆ ಆಯಿಲೂ ಕಡಿಮೆ, ಪಿಸ್ಟನ್ ಕಚ್ಚಿಕೊಳ್ಳುತ್ತದೆ. ಆದ್ದರಿಂದ ಸ್ಕ್ರೂ ಕೊನೆಯ ಕೆಲಸ. ಎಲ್ಲ ಸಾವೂ ಹಸಿವಿನಿಂದಲೇ ಎಂದು ನಾನು ವಾದಿಸುವುದಿಲ್ಲ. ಹತ್ತು ನಿಮಿಷ ಚೆನ್ನಾಗಿ ಓಡಿ ನಿಂತರೆ ಟ್ಯಾಂಕಿನ ಮುಚ್ಚಳ ಸಡಿಲಿಸಿ. ಬುಸ್ ಎಂದು ಗಾಳಿ ಒಳಹೊಕ್ಕು ಮತ್ತೆ ಓಡಿದರೆ, ಟ್ಯಾಂಕಿನ ಉಸಿರುಗಂಡಿ ಕಟ್ಟಿದೆ. ಬಿಸಿಯಾದಾಗಲಷ್ಟೇ ಕಿಡಿ ಮಾಯವಾದರೆ ಕಾಯಿಲ್ ಹೋಗಿದೆ. ಅದು ನನ್ನದೇ ರೋಗ, ಒಪ್ಪಿಕೊಳ್ಳುತ್ತೇನೆ.

ಮರಗಳ ಮೇಲಿನ ಕನಿಕರದಿಂದ ನಿಲ್ಲುತ್ತೀರಿ ಎನ್ನುವವರೂ ಇದ್ದಾರೆ.

2016ರಲ್ಲಿ ಗೋವಾದ ವೃಕ್ಷ ಸಂರಕ್ಷಣಾ ಕಾಯ್ದೆಗೆ ತಿದ್ದುಪಡಿ ತಂದು ತೆಂಗು ಮರವಲ್ಲ ಎಂದರು, 2017ರಲ್ಲಿ ಮತ್ತೆ ಮರ ಎಂದರು. ನಡುವಿನ ಅವಧಿಯಲ್ಲಿ ನನ್ನ ಅಭಿಪ್ರಾಯ ಯಾರೂ ಕೇಳಲಿಲ್ಲ. ಕ್ಯಾಸಲ್‌ರಾಕ್–ಕುಳೆ ನಡುವಿನ ಕಾಡಿನಲ್ಲಿ ರೈಲಿನ ಜೋಡಿ ಹಳಿಗೆ ವನ್ಯಜೀವಿ ಮಂಡಳಿಯ ಸಮಿತಿ ಕೊಟ್ಟಿದ್ದ ಒಪ್ಪಿಗೆಯನ್ನು 2022ರ ಮೇ 9ರಂದು ರದ್ದು ಮಾಡಿದ್ದು ಸುಪ್ರೀಂ ಕೋರ್ಟ್. ಅದರ ಶ್ರೇಯಸ್ಸನ್ನು ಕಟ್ಟಿದ ಫಿಲ್ಟರಿಗೆ ಕೊಡಬೇಡಿ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ರಸ್ತೆಗೂ ಕರೆಂಟು ತಂತಿಗೂ ಮರ ಉರುಳಿಸಿತ್ತು. ಅಂಥ ಹೊತ್ತಿನಲ್ಲಿ ನಾನು ನಿಂತುಹೋದರೆ ಬಿದ್ದ ಮರವೇನೂ ಏಳುವುದಿಲ್ಲ, ಕತ್ತಲಲ್ಲಿ ಕೂತವರು ಇನ್ನಷ್ಟು ಹೊತ್ತು ಕೂರುತ್ತಾರೆ.

ಹಾಗಾದರೆ ಮಾಡಬೇಕಾದ್ದೇನು?

ಹಳೆಯದನ್ನು ಸುರಿದು, ಲೀಟರಿಗೆ 20 ಮಿಲಿಲೀಟರ್ ಒಳ್ಳೆ ಆಯಿಲ್ ಬೆರೆಸಿದ ತಾಜಾ ಪೆಟ್ರೋಲ್ ಹಾಕಿ, ಹೊಸ ಫಿಲ್ಟರ್ ಕೂಡಿಸಿ. ಆಮೇಲೂ ನಿಂತರೆ ಪೈಪ್ ನೋಡಿ, ಕಾರ್ಬೊರೇಟರ್ ಬಿಚ್ಚಿ. ಮಳೆಗಾಲ ಮುಗಿದಾಗ ಟ್ಯಾಂಕ್ ಬರಿದು ಮಾಡಿ, ತಾನಾಗಿ ನಿಲ್ಲುವವರೆಗೆ ಓಡಿಸಿಡಿ. ಬರಿದಾಗಿಟ್ಟರೆ ಪೊರೆ ಒಣಗುತ್ತದೆ ಎನ್ನುವವರಿದ್ದಾರೆ, ಸುಳ್ಳಲ್ಲ; ಆದರೆ ಪೊರೆ ಬದಲಿಸುವುದು ತುಕ್ಕು ತಿಂದ ಕಾರ್ಬೊರೇಟರ್ ಬದಲಿಸುವುದಕ್ಕಿಂತ ಅಗ್ಗ. ತೊಡಕು ಇರುವುದು ಕಚೇರಿಯಲ್ಲಿ. ಫಿಲ್ಟರ್ ಕೊಳ್ಳಲು ಲೆಕ್ಕಶೀರ್ಷಿಕೆ ಇಲ್ಲ, ಹೊಸ ಮಷಿನ್ ಕೊಳ್ಳಲು ಇದೆ. ನನ್ನ ತಮ್ಮನಿಗೆ ಟೆಂಡರ್ ಕರೆದಿದ್ದಾರಂತೆ. ಆ ಚೀಲ ಸ್ವಲ್ಪ ಆಚೆ ಸರಿಸುತ್ತೀರಾ, ಅವನಿಗೂ ಜಾಗ ಬೇಕು.