ಮುರ್ಟಿ ಮೇಷ್ಟ್ರ ಮೇಲು

ಪದವಿ ತರಗತಿಗೆ ಪತ್ರಲೇಖನ ಪಾಠ ಮಾಡುತ್ತ ನನಗೆ 26 ವರ್ಷವಾಯಿತು. ಮೊದಲು 'ಇಂದ', ಅದರ ಕೆಳಗೆ 'ಗೆ', ಆಮೇಲೆ 'ಮಾನ್ಯರೆ', 'ವಿಷಯ', ಕೊನೆಗೆ 'ತಮ್ಮ ವಿಶ್ವಾಸಿ'. ಪತ್ರವೊಂದಕ್ಕೆ 5 ಅಂಕ. ವಿಳಾಸ ತಪ್ಪಿದರೆ ಅರ್ಧ ಅಂಕವನ್ನು ದಾಕ್ಷಿಣ್ಯವಿಲ್ಲದೆ ಕತ್ತರಿಸುತ್ತೇನೆ. ಇಂಥ ನನಗೆ, ನ್ಯಾಕ್ ತಂಡ ಬರುತ್ತದೆಂಬ ಗಡಿಬಿಡಿಯಲ್ಲಿ ಕಾಲೇಜಿನವರು ಒಂದು ಇಮೇಲ್ ವಿಳಾಸ ದಯಪಾಲಿಸಿದರು. ಅದಕ್ಕೆ ಮೊದಲು ನನಗೊಂದು ಸ್ವಂತ ಜಿಮೇಲ್ ಇತ್ತು. ಮಾಲೀಕ ನಾನು, ಗಲ್ಲಾಪೆಟ್ಟಿಗೆಯಲ್ಲಿ ಕೂರುತ್ತಿದ್ದವಳು ಮಗಳು.

ಖಾತೆ ತೆರೆಯಲು ಕೂತ ಆಫೀಸಿನ ಹುಡುಗ, "ಸರ್‌ನೇಮ್ ಏನ್ ಸಾರ್?" ಅಂದ. ನಮ್ಮ ಕಡೆ ಅಂಥದ್ದು ಇಟ್ಟುಕೊಂಡವರು ಕಡಿಮೆ. ಹೆಸರಿನ ಮುಂದೆ ಎರಡು ಇನಿಷಿಯಲ್ಲು, ಒಂದು ಊರಿನದು, ಒಂದು ಅಪ್ಪನದು, ಮುಗಿಯಿತು. ಆದರೆ ಆ ಖಾನೆ ತುಂಬದೆ ಕಂಪ್ಯೂಟರ್ ಮುಂದಕ್ಕೆ ಕದಲುವುದಿಲ್ಲವಂತೆ. ಹುಡುಗ ಕ್ಷಣ ಯೋಚಿಸಿ, ನನ್ನ ಹೆಸರನ್ನು ಕಬ್ಬಿನ ಜಲ್ಲೆಯಂತೆ ನಡುವಿಗೆ ಮುರಿದು, ಹಿಂದಿನ ತುಂಡು 'ಮೂರ್ತಿ'ಯನ್ನು ಅಲ್ಲಿಗೆ ತುರುಕಿದ. ತುರುಕುವಾಗ ಒಂದು ಹೆಚ್ ಉದುರಿಹೋಯಿತು.

ಸಂಜೆ ಮನೆಯಲ್ಲಿ ಮಗಳು ಅದನ್ನು ಇಂಗ್ಲಿಷಿನಲ್ಲಿ ಇದ್ದಂತೆಯೇ ಓದಿದಳು: "ಮುರ್ಟಿ." ನನ್ನಾಕೆ ಒಗ್ಗರಣೆ ಸೌಟು ಹಿಡಿದೇ ಅಡುಗೆಮನೆಯಿಂದ ಬಂದು ನೋಡಿ ಹೋದಳು. ಸ್ವಲ್ಪ ಹೊತ್ತಿನ ಮೇಲೆ ಒಳಗಿನಿಂದ ದನಿ ಬಂತು: "ರೀ ಮುರ್ಟಿ, ತಟ್ಟೆ ಹಾಕಿದೀನಿ, ಬನ್ನಿ."

ಮಾರನೆಯ ದಿನ ಹುಡುಗನನ್ನು ಹಿಡಿದೆ. "ಸರಿ ಮಾಡಬಹುದು ಸಾರ್, ಅದಕ್ಕೊಂದು ಅರ್ಜಿ ಬೇಕು. ಅಫಿಷಿಯಲ್ ಮೇಲಿಂದಾನೇ ಬರಬೇಕು" ಅಂದ. ಅಂದರೆ ನಾನು ಮುರ್ಟಿ ಅಲ್ಲವೆಂದು ಮುರ್ಟಿಯೇ ಬರೆದು ಕೊಡಬೇಕು.

ಅರ್ಜಿಗೆ ಮೊದಲು ಪಾಸ್‌ವರ್ಡ್ ಆಗಬೇಕಿತ್ತು. ಕುವೆಂಪು ಹೆಸರಿನ ಮುಂದೆ ಅವರು ಹುಟ್ಟಿದ ವರ್ಷ 1904 ಸೇರಿಸಿ ಕೊಟ್ಟೆ. ಕಂಪ್ಯೂಟರ್ ಒಪ್ಪಲಿಲ್ಲ, ಒಂದು ವಿಶೇಷ ಅಕ್ಷರ ಬೇಕಂತೆ. ಕನ್ನಡ ಮೇಷ್ಟ್ರಿಗೆ ಈ ಮಾತು ಹೇಳಬಾರದು. ವಿಶೇಷ ಅಕ್ಷರವೆಂದರೆ ನನ್ನ ಮಟ್ಟಿಗೆ ಒಂದೇ: ೞ. ಅದು ಬಳಕೆಯಿಂದ ಜಾರುತ್ತಿದ್ದ ಕಾಲದಲ್ಲಿ ಕೇಶಿರಾಜನಂಥ ವ್ಯಾಕರಣಕಾರ ಆ ಅಕ್ಷರ ಬರುವ ಪದಗಳನ್ನು ಕೂಡಿಸಿ ಪಟ್ಟಿ ಮಾಡಿಟ್ಟ. ಅದನ್ನು ಕೀಲಿಮಣೆಯಲ್ಲಿ ಅರ್ಧ ಗಂಟೆ ಹುಡುಕಿದೆ. ಮಗಳು ಬಂದು, "ಅಪ್ಪಾ, ಸ್ಪೆಷಲ್ ಕ್ಯಾರೆಕ್ಟರ್ ಅಂದ್ರೆ ಅಟ್, ಹ್ಯಾಷ್ ಥರದ್ದು" ಎಂದು 2ರ ತಲೆಯ ಮೇಲೆ ಕೂತಿದ್ದ ಸುರುಳಿಯನ್ನು ಒತ್ತಿದಳು. 1971ರಲ್ಲಿ ರೇ ಟಾಮ್ಲಿನ್ಸನ್ ಎಂಬಾತ ಇಮೇಲ್ ವಿಳಾಸಕ್ಕೆ ಈ ಸುರುಳಿಯನ್ನು ಆರಿಸಿಕೊಂಡದ್ದೇ ಅದು ಯಾರ ಹೆಸರಿನಲ್ಲೂ ಬರುವುದಿಲ್ಲ ಎಂಬ ಕಾರಣಕ್ಕಂತೆ. ಹೆಸರಿನಲ್ಲಿ ಬರದ ಚಿಹ್ನೆಗೆ ಇಷ್ಟು ಉಪಚಾರ, ಹೆಸರಿನಲ್ಲಿ ಬರಬೇಕಾದ ಹೆಚ್ಚಿಗೆ ಇಲ್ಲ.

ಆ ಪಾಸ್‌ವರ್ಡನ್ನು ಅಡುಗೆಮನೆ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ನಡುವೆ ಬರೆದಿಟ್ಟೆ. ಕಳ್ಳನಿಗೆ ತಿಳಿಯಬಾರದೆಂಬ ಜಾಣತನ. ತಿಂಗಳ ಕೊನೆಗೆ ನನ್ನಾಕೆ ಅದನ್ನು ನೋಡಿ, ಹಾಲಿನವನು ಸಾವಿರದ ಒಂಬೈನೂರ ನಾಲ್ಕು ರೂಪಾಯಿ ಏತಕ್ಕೆ ಬರೆದಿದ್ದಾನೆಂದು ಬಾಗಿಲಲ್ಲಿ ಜಗಳ ತೆಗೆದಳು. ಜಗಳ ಮುಗಿದ ಮೇಲೆ ಹಾಳೆ ಹರಿದು ಸಾಸಿವೆ ಡಬ್ಬಿಯ ಕೆಳಗೆ ಹಾಸಿದಳು. ಈಗಲೂ ಲಾಗಿನ್ ಆಗಬೇಕಾದರೆ ನಾನು ಮೊದಲು ಸಾಸಿವೆ ಡಬ್ಬಿ ಎತ್ತುತ್ತೇನೆ.

ಆ ಮೇಲಿನಿಂದ ಹೋದ ಮೊದಲ ಪತ್ರ ಹೆಸರಿನ ಅರ್ಜಿಯಲ್ಲ, ರಜೆ ಅರ್ಜಿ. ಮನೆದೇವರ ಪೂಜೆಗೆ ಎರಡು ದಿನ ಬೇಕಿತ್ತು. ನುಡಿಯಲ್ಲಿ ಒಪ್ಪವಾಗಿ ಬೆರಳಚ್ಚು ಮಾಡಿ, ಕಡತ ಲಗತ್ತಿಸಿ, ಪ್ರಾಂಶುಪಾಲರಿಗೆ ಕಳಿಸಿದೆ. ಅವರು ರಸಾಯನಶಾಸ್ತ್ರದವರು, ಸಂಕೇತಗಳಿಗೆ ಹೆದರುವವರಲ್ಲ. ಆದರೂ ಫೋನು ಬಂತು.

"ಮೂರ್ತಿಯವರೇ, ಇದೇನು ಹಳಗನ್ನಡವೇ?"

ಓಡಿಹೋಗಿ ಅವರ ಮೊಬೈಲ್ ನೋಡಿದೆ. ನನ್ನ 'ಮಾನ್ಯರೆ' ಇದ್ದ ಜಾಗದಲ್ಲಿ ತಲೆಗೆ ಟೋಪಿ, ಚುಕ್ಕಿ, ಸಣ್ಣ ಕೊಂಬು ಇಟ್ಟುಕೊಂಡ ಯೂರೋಪಿನ ಅಕ್ಷರಗಳು ಸಾಲಾಗಿ ನಿಂತಿದ್ದವು. ಆಮೇಲೆ ಮಗಳು ಬಿಡಿಸಿ ಹೇಳಿದಳು: ಹಳೆಯ ನುಡಿ ಫಾಂಟಿನಲ್ಲಿ ನಮ್ಮ ಅಕ್ಷರಗಳಿಗೆ ಸ್ವಂತ ಮನೆಯಿಲ್ಲ, ಪರದೇಶದ ಅಕ್ಷರಗಳ ಮನೆಯಲ್ಲಿ ಬಾಡಿಗೆಗಿವೆ. ಫಾಂಟ್ ಇರುವ ಯಂತ್ರದಲ್ಲಿ ಬಾಡಿಗೆದಾರ ಬಾಗಿಲು ತೆಗೆಯುತ್ತಾನೆ, ಇಲ್ಲದ ಕಡೆ ಮಾಲೀಕನೇ ಎದ್ದು ಬರುತ್ತಾನೆ. ಯೂನಿಕೋಡ್‌ನಲ್ಲಾದರೆ ಪ್ರತಿ ಅಕ್ಷರಕ್ಕೂ ಅದರದೇ ಸಂಖ್ಯೆ. ನನ್ನ ೞಕಾರಕ್ಕೂ ಇದೆ ಎಂದು ತಿಳಿದು ಕಣ್ಣು ತುಂಬಿ ಬಂತು.

"ಆದ್ರೆ ಅಪ್ಪಾ, ಅದರ ಹೆಸರನ್ನ ತಪ್ಪಾಗಿ 'ಫ' ಅಂತ ಬರೆದುಬಿಟ್ಟಿದ್ದಾರೆ. ಒಂದ್ಸಲ ಇಟ್ಟ ಹೆಸರು ಬದಲಾಯಿಸೋ ಹಾಗಿಲ್ವಂತೆ."

ಹುಡುಗಿ ತಮಾಷೆ ಮಾಡುತ್ತಿದ್ದಾಳೆ ಅಂದುಕೊಂಡೆ. ಪರದೆಯ ಮೇಲೆ ತೋರಿಸಿದಳು, ನಿಜ. ಅಡಿಯಲ್ಲೊಂದು ತಪ್ಪೊಪ್ಪಿಗೆ ಟಿಪ್ಪಣಿ ಇದೆ, ಹೆಸರು ಮಾತ್ರ ಹಾಗೇ ಇದೆ. ಇಡೀ ಜಗತ್ತಿನ ಲಿಪಿಗಳ ಲೆಕ್ಕ ಇಡುವವರೇ ೞಕಾರವನ್ನು ಫಕಾರ ಮಾಡಿರುವಾಗ, ನಮ್ಮ ಆಫೀಸಿನ ಹುಡುಗ ಒಂದು ಹೆಚ್ ನುಂಗಿದ್ದು ಯಾವ ಲೆಕ್ಕ? ಆವತ್ತು ರಾತ್ರಿ ಆ ಅಕ್ಷರದ ಮೇಲೆ ನನಗೆ ದಾಯಾದಿಯಷ್ಟು ಹತ್ತಿರದ ಪ್ರೀತಿ ಹುಟ್ಟಿತು.

ಆದರೂ ಅರ್ಜಿ ಬಿಡಲಿಲ್ಲ. ಭಾನುವಾರ ಸ್ನಾನ ಮಾಡಿ, ಸಾಸಿವೆ ಡಬ್ಬಿ ಎತ್ತಿ, ಲಾಗಿನ್ ಆಗಿ, ಯಾರ ಸಹಾಯವೂ ಬೇಡವೆಂದು ಬಾಗಿಲು ಹಾಕಿಕೊಂಡು ಕೂತೆ. ಯೂನಿಕೋಡಿನಲ್ಲೇ ಬರೆದೆ. ಇಂದ, ಗೆ, ಮಾನ್ಯರೆ, ವಿಷಯ: ಹೆಸರಿನಲ್ಲಿ ಬಿಟ್ಟುಹೋದ ಅಕ್ಷರದ ಬಗ್ಗೆ. ಒಂದು ಕಾಗುಣಿತ ತಪ್ಪಿಲ್ಲ, ಅಲ್ಪಪ್ರಾಣ ಮಹಾಪ್ರಾಣ ಎಲ್ಲ ಅದರದರ ಜಾಗದಲ್ಲಿ. ಮಗಳು ಹೊರಗಿನಿಂದ, "ಸೆಂಡ್ ಒತ್ತೋ ಮುಂಚೆ ಒಂದ್ಸಲ ತೋರ್ಸಿ" ಅಂದಳು. ಒತ್ತಿಬಿಟ್ಟೆ.

ಕಣ್ಣು ಮಿಟುಕಿಸುವಷ್ಟರಲ್ಲಿ ಇನ್‌ಬಾಕ್ಸಿನಲ್ಲಿ ದಪ್ಪಕ್ಷರದ ಹೊಸ ಸಾಲೊಂದು ಕೂತಿತ್ತು. ಆಫೀಸಿನಿಂದ ಇಷ್ಟು ಬೇಗ ಉತ್ತರ ಬಂದದ್ದು ನನ್ನ ಸರ್ವೀಸಿನಲ್ಲೇ ಮೊದಲು. ಹೆಂಡತಿ, ಮಗಳು ಇಬ್ಬರನ್ನೂ ಕರೆದೆ. ತೆರೆದರೆ, ಇಂದ, ಗೆ, ಮಾನ್ಯರೆ, ವಿಷಯ: ಹೆಸರಿನಲ್ಲಿ ಬಿಟ್ಟುಹೋದ ಅಕ್ಷರದ ಬಗ್ಗೆ.

"ಮೇಲಿನ ಗೆರೆಯಲ್ಲಿ ಯಾರ ಅಡ್ರೆಸ್ ಹಾಕಿದ್ರಿ?" ಮಗಳು ಕೇಳಿದಳು.

"ಮೊದಲು 'ಇಂದ' ಅಲ್ಲವೇನಮ್ಮ? ನಂದೇ ಹಾಕಿದೆ."

ನನ್ನಾಕೆ ಕನ್ನಡಕ ಏರಿಸಿಕೊಂಡು ಪತ್ರವನ್ನು ಮೊದಲಿನಿಂದ ಕೊನೆಯವರೆಗೆ ನಿಧಾನವಾಗಿ ಓದಿದಳು. "ಮುರ್ಟಿಯವರು ಎಷ್ಟು ಚೆನ್ನಾಗಿ ಬರೀತಾರೆ. ನೀವಾಗಿದ್ರೆ ಎಷ್ಟು ಮಾರ್ಕ್ಸ್ ಕೊಡ್ತಿದ್ರಿ?"

ನಾಲ್ಕೂವರೆ.