ಗಾಳಿ ಹಿಡಿದವರು

ಹೊಸೂರಿನ ಯಾವ ಬಡಾವಣೆಗೆ ಹೋದರೂ ಒಬ್ಬ ಬೈಕಣ್ಣ ಸಿಕ್ಕೇ ಸಿಗುತ್ತಾನೆ. ಮನೆ ಬಾಗಲೂರು ರಸ್ತೆಯಲ್ಲಿ, ಕೆಲಸ ಸಿಪ್ಕಾಟಿನ ಫ್ಯಾಕ್ಟರಿಯಲ್ಲಿ. ನಡುವಿನ ದಾರಿಯಲ್ಲಿ ಲಾರಿ, ಶೇರ್ ಆಟೊ, ಕಂಪನಿ ಬಸ್ಸು ಎಲ್ಲಕ್ಕೂ ಜಾಗವಿದೆ, ಗಾಳಿಗೊಂದಕ್ಕೆ ಇಲ್ಲ. ಗಂಟೆಗೆ 30 ಕಿಲೋಮೀಟರ್ ದಾಟಿದ ದಿನ ಹಬ್ಬ. ಆದರೂ ಬೈಕಣ್ಣನ ಪರಮಶತ್ರು ಎದುರುಗಾಳಿಯೇ.

ಅದನ್ನು ಮಣಿಸಲು ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗಿ ವಿಂಡ್‌ಶೀಲ್ಡ್ ತರುತ್ತಾನೆ. ಅತ್ತಿಬೆಲೆ ದಾಟುವ ಬಸ್ಸಿನಲ್ಲಿ ಅದನ್ನು ಎದೆಗವಚಿಕೊಂಡು ಕೂತ ಭಂಗಿ ನೋಡಿದರೆ, ಹೆರಿಗೆ ಆಸ್ಪತ್ರೆಯಿಂದ ಮಗುವನ್ನು ಕರೆತರುತ್ತಿದ್ದಾನೆ ಅನ್ನಬೇಕು. ಎಲ್ಲ ಬೈಕಿಗೂ ಕೂರುತ್ತದೆ ಎಂದು ಅಂಗಡಿಯವನು ಆಣೆ ಮಾಡಿರುತ್ತಾನೆ. 22 ಮಿಲಿಮೀಟರಿನ ಹ್ಯಾಂಡಲ್ಲಿಗೆ ಕ್ಲಾಂಪು ಕೂರುವುದೇನೋ ನಿಜ. ಹ್ಯಾಂಡಲ್ ತಿರುಗಿಸಿದಾಗ ತಾನೇ ಅದು ಕ್ಲಚ್ ಕೇಬಲ್ ಎಳೆಯುವುದು!

ಫಿಟ್ಟಿಂಗ್ ಭಾನುವಾರ, ಬೀದಿಯಲ್ಲೇ. ನಮ್ಮದು ಗಡಿ ಊರು ನೋಡಿ: ತಮಿಳಿನಲ್ಲಿ ಸಲಹೆ, ತೆಲುಗಿನಲ್ಲಿ ಎಚ್ಚರಿಕೆ, ಕನ್ನಡದಲ್ಲಿ ಕೊಂಕು. ಮೂವರಿಗೂ ಆಯಾ ಭಾಷೆಯಲ್ಲೇ ಉತ್ತರ ಕೊಡಬಲ್ಲ ಬೈಕಣ್ಣ. ಬೋಲ್ಟು ಮಾತ್ರ ಯಾವ ಭಾಷೆಗೂ ಬಗ್ಗುವುದಿಲ್ಲ. ರಬ್ಬರ್ ವಾಷರು ಚರಂಡಿ ಪಾಲಾಗಿದ್ದರಿಂದ ಕಬ್ಬಿಣದ್ದನ್ನೇ ಹಾಕಿ ಹಲ್ಲುಕಚ್ಚಿ ಬಿಗಿಯುತ್ತಾನೆ. ಟಕ್! ಅಕ್ರಿಲಿಕ್ ಹಾಳೆಯ ತೂತಿನಿಂದ ಒಂದು ಗೆರೆ ಹೊರಡುತ್ತದೆ.

"ಬಿರುಕು ಬಿಟ್ಟಿತಲ್ಲಣ್ಣಾ!"

"ಅದು ಡಿಸೈನು ಕಣೋ."

ಪರೀಕ್ಷೆ ಕೃಷ್ಣಗಿರಿ ಹೆದ್ದಾರಿಯಲ್ಲಿ. ಹೊರಡುವ ಮುಂಚೆ ಪಾಠವೂ ಉಂಟು: ವೇಗ 40ರಿಂದ 80ಕ್ಕೆ ಏರಿದರೆ ಗಾಳಿಯ ಒತ್ತಡ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಮಾತು ಸರಿಯೇ. ಶೂಲಗಿರಿ ಹತ್ತಿರವಾಗುವಷ್ಟರಲ್ಲಿ ಆ ನಾಲ್ಕು ಪಟ್ಟೂ ಶೀಲ್ಡಿನ ಮೇಲಂಚಿನಿಂದ ಸುಳಿಯಾಗಿ ಎದ್ದು ನೇರ ಹೆಲ್ಮೆಟ್ಟಿಗೆ ಅಪ್ಪಳಿಸುತ್ತದೆ. ಇಷ್ಟು ದಿನ ಎದೆಗೆ ಬಡಿಯುತ್ತಿದ್ದದ್ದು ಈಗ ತಲೆಗೆ. ತಲೆ ಗಡಗಡ ನಡುಗಿ ಬೈಕಣ್ಣ 40ಕ್ಕೆ ಇಳಿಯುತ್ತಾನೆ. ಆಗ ಪಕ್ಕದಲ್ಲೇ ಒಂದು ಮೊಪೆಡ್ಡು, ಎರಡು ಬದಿಗೂ ಹಾಲಿನ ಕ್ಯಾನು ತೂಗಿಸಿಕೊಂಡು, ಹಾರನ್ ಹೊಡೆದು ಮುಂದೆ ಹೋಗುತ್ತದೆ. 1980ರಲ್ಲಿ ಇದೇ ಹೊಸೂರಿನ ಫ್ಯಾಕ್ಟರಿಯಿಂದ ಟಿವಿಎಸ್ 50 ಹೊರಬಂದಾಗಿನಿಂದ ನಮ್ಮ ರೈತರು ಹಾಲು, ಹುಲ್ಲು, ಕೊತ್ತಂಬರಿ, ಹೆಂಡತಿ ಮಕ್ಕಳನ್ನೆಲ್ಲ ಮೊಪೆಡ್ಡಿನ ಮೇಲೇ ಸಾಗಿಸಿದ್ದಾರೆ. ಗಾಳಿಯ ಮೇಲೆ ಯಾರೂ ದೂರು ಕೊಟ್ಟಂತಿಲ್ಲ.

ಬೈಕಣ್ಣ ಸೋಲೊಪ್ಪುವವನಲ್ಲ. ಮುಂದಿನ ವಾರ ಶೀಲ್ಡಿನ ತಲೆಯ ಮೇಲೊಂದು ಮರಿ ಶೀಲ್ಡು ಏರುತ್ತದೆ. ಹೆಂಡತಿ ಬಾಗಿಲಲ್ಲಿ ನಿಂತು, "ನಿಮಗೆ ಗಾಳಿ ಹೊರಗಿಂದ ಹೊಡೀತಿಲ್ಲ ರೀ" ಎಂದಷ್ಟೇ ಹೇಳಿ ಒಳಗೆ ಹೋಗುತ್ತಾಳೆ.

ಶೀಲ್ಡೇ ದಂಡ ಅನ್ನುತ್ತಿಲ್ಲ. ಹೆದ್ದಾರಿಯಲ್ಲಿ ದೂರ ಹೋಗುವವರ ಎದೆಗೆ, ಭುಜಕ್ಕೆ ಅದರಿಂದ ಆರಾಮವೇ. ಮೇಲಂಚು ಮೂಗಿನ ಮಟ್ಟದಲ್ಲಿರಲಿ, ನೋಟ ಅದರ ಮೇಲಿಂದ ಹಾಯಲಿ. ಕೆಳಗೆ ಗಾಳಿ ನುಸುಳಲು ತುಸು ಸಂದು ಬಿಡಿ. ಪೆಟ್ರೋಲ್ ಬಟ್ಟೆಯಲ್ಲಿ ಒರೆಸಬೇಡಿ, ಪ್ಲಾಸ್ಟಿಕ್ಕು ಹಾಳಾಗುತ್ತದೆ. ನೀವು ಶೀಲ್ಡು ತಂದ ಸುದ್ದಿ ಹೇಗೋ ತಿಳಿದು ಬೈಕಣ್ಣ ಬಂದೇ ಬರುತ್ತಾನೆ, ಅಲೆನ್ ಕೀ ಕೊಡಿ ಅನ್ನುತ್ತಾನೆ. ಕಳೆದುಹೋಗಿದೆ ಎಂದುಬಿಡಿ.